ಮುಸಾಫರಖಾನೆಯಲ್ಲಿ ರುಚಿ ಕೇಳುತ್ತಿದ್ದ ಆಯಿ

ಆಯಿಯ ಎಡಗಿವಿಯ ಹಾಲೆ ಬಲಗಿವಿಯದಕ್ಕಿಂತ ಕಪ್ಪಾಗಿತ್ತು. ಹಂಚಿನ ಮೇಲಿಂದ ಎತ್ತಿದ ರೊಟ್ಟಿಯನ್ನು ಆಕೆ ನೇರವಾಗಿ ತಟ್ಟೆಗೆ ಹಾಕುತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು, ತಲೆ ಸ್ವಲ್ಪ ವಾಲಿಸಿ, ಯಾರೋ ಗುಟ್ಟು ಹೇಳುತ್ತಿದ್ದಾರೇನೋ ಎಂಬಂತೆ ಕೇಳಿಸಿಕೊಳ್ಳುತ್ತಿದ್ದಳು. ಒಳಗಿನ ಉಗಿ ಸುಯ್ಯೆಂದು ಹೊರಬೀಳುವ ಸದ್ದು ಮನಸ್ಸಿಗೆ ಬಂದರೆ ತಲೆಯಾಡಿಸಿ ಬಡಿಸುವಳು, ಬರದಿದ್ದರೆ ರೊಟ್ಟಿ ಮತ್ತೆ ಕೆಂಡದ ಮೇಲೆ ಬೀಳುತ್ತಿತ್ತು. ವರ್ಷಗಟ್ಟಲೆ ಆ ಬಿಸಿ ತಾಗಿ ತಾಗಿ ಹಾಲೆಯ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಮೊದಲ ಸಲ ನೋಡಿದವರು ನಗುತ್ತಿದ್ದರು. ನಾನೂ ನಕ್ಕಿದ್ದೆ.

ಆಕೆ ನನಗೆ ಸಂಬಂಧಿಯೇನಲ್ಲ. ಇಬ್ಬರದೂ ಊರು ಒಂದೇ, ಕಮಲಾಪುರ. ಅದು ನಿಜಾಮರ ಆಳ್ವಿಕೆಯ ಕಾಲ. ಅಲ್ಪಸ್ವಲ್ಪ ಉರ್ದು ಓದಿಕೊಂಡಿದ್ದ ನನಗೆ ಕಲಬುರಗಿ ಸ್ಟೇಷನ್ನಿನ ಮಾಲುಗೋದಾಮಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಶಹಾಬಜಾರದ ಒಂದು ಮನೆಯ ಮಾಳಿಗೆಯ ಮೇಲೆ ಕೋಣೆ ಹಿಡಿದಿದ್ದೆ. ಮದುವೆಯಾಗಿರಲಿಲ್ಲ, ಒಲೆ ಹಚ್ಚಲು ಬರುತ್ತಿರಲಿಲ್ಲ. ಹಾಗಾಗಿ ಊಟಕ್ಕೆ ದಾರಿಹೋಕರು ತಂಗುವ ಮುಸಾಫರಖಾನೆಯೇ ಗತಿ.

ಊರಿಂದ ಹೊರಡುವ ಮೊದಲೇ ಅದರ ಬಗ್ಗೆ ಎರಡು ಥರದ ಮಾತು ಕೇಳಿದ್ದೆ. ದರ್ಗಾಕ್ಕೆ ಹರಕೆ ಸಲ್ಲಿಸಿ ಬಂದಿದ್ದ ಸೋದರಮಾವ, “ಅಲ್ಲಿ ಉಂಡು ಆ ತಣ್ಣನ್ನ ಕಲ್ಲಿನ ಮ್ಯಾಲ ಒಂದೀಟು ಅಡ್ಡಾದ್ರ ಮನಿ ನೆನಪೇ ಆಗಂಗಿಲ್ಲ” ಎಂದಿದ್ದ. ಕಚೇರಿ ಕೆಲಸಕ್ಕೆ ಹೋಗಿ ಬಂದಿದ್ದ ಪಕ್ಕದ ಮನೆಯವರು, “ಹೊಗಿ ನುಂಗಿ ಬಂದೀನಿ. ತಲಿ ಮ್ಯಾಲ ಪಾರಿವಾಳ, ಪಕ್ಕದಾಗ ಗೊರಕಿ. ಆ ಕಡಿ ಹೋಗಬ್ಯಾಡ” ಎಂದು ಮೂಗು ಮುರಿದಿದ್ದರು. ಇಬ್ಬರೂ ಸುಳ್ಳು ಹೇಳಿರಲಿಲ್ಲವೆಂದು ಅಲ್ಲಿ ಉಣ್ಣತೊಡಗಿದ ಮೇಲೆ ತಿಳಿಯಿತು.

ಶಹಾಬಜಾರದ ಇಕ್ಕಟ್ಟು ಸಂದಿಗಳು ಮುಗಿದು ಬಯಲು ಶುರುವಾಗುವಲ್ಲಿ ಆ ಉದ್ದನೆಯ ಕಲ್ಲಿನ ಕಟ್ಟಡವಿತ್ತು. ಯಾವ ಕಾಲದಲ್ಲಿ ಯಾರು ಕಟ್ಟಿಸಿದ್ದೋ ಯಾರಿಗೂ ಗೊತ್ತಿರಲಿಲ್ಲ. ಕಮಾನುಗಳು ಒಂದರ ಹಿಂದೊಂದು ಸಾಲಾಗಿ ಹೋಗಿ ಕೊನೆಗೆ ಹೊಗೆಯಲ್ಲಿ ಕರಗುತ್ತಿದ್ದವು. ಛಾವಣಿಯ ನಡುವೆ ಒಂದು ಬೆಳಕಿಂಡಿ. ಅಲ್ಲಿಂದ ಇಳಿಯುವ ಬಿಸಿಲಿನ ಕೋಲು ಬೆಳಿಗ್ಗೆ ಒಂದು ಮೂಲೆಯಲ್ಲಿ ನಿಂತಿದ್ದು, ಊಟದ ಹೊತ್ತಿಗೆ ಯಾರಿಗೂ ಕಾಣದಂತೆ ಸರಿದು ಇನ್ನೊಂದು ಮೂಲೆಗೆ ಬಂದಿರುತ್ತಿತ್ತು. ಹೊಗೆಯೊಳಗೆ ಆ ಬೆಳಕು ನೀರಿಗೆ ಹಾಲು ಬೆರೆಸಿದ ಹಾಗೆ ಹಬ್ಬಿಕೊಂಡಾಗ, ಜನ ಬರುವುದು, ಬಾಗುವುದು, ಕೂರುವುದು ಎಲ್ಲವೂ ಕೆರೆಯ ತಳದಲ್ಲಿ ನಡೆದಂತೆ ಕಾಣುತ್ತಿತ್ತು. ಸದ್ದು ಕೂಡ ಹಾಗೇ. ಎಷ್ಟೇ ಜೋರಾಗಿ ಮಾತಾಡಿದರೂ ಕಮಾನುಗಳು ಅದನ್ನು ಮೇಲೆತ್ತಿಕೊಂಡು ಪಾರಿವಾಳಗಳ ಗುಟುರಿನೊಳಗೆ ಬೆರೆಸಿಬಿಡುತ್ತಿದ್ದವು.

ಒಳಗೆ ಅಡುಗೆಯವರು ಒಬ್ಬರಲ್ಲ. ಮೂಡಣ ಮೂಲೆಯಲ್ಲಿ ತಂದೂರಿನ ಚಾಚಾ, ಗೋರಂಟಿ ಹಚ್ಚಿದ ಗಡ್ಡದ ಮುದುಕ, ನೆಲದಲ್ಲಿ ಹೂತ ಒಲೆಗೆ ಅರ್ಧ ಮೈ ಇಳಿಬಿಟ್ಟು ಬಿಸಿ ಬಿಸಿ ನಾನ್‌ರೊಟ್ಟಿ ತೆಗೆಯುತ್ತಿದ್ದ. ನಡುವೆ ಹಾಲು, ಪೇಡೆಯ ಒಂದು ಕಟ್ಟೆ. ಬಾಗಿಲ ಬಳಿ ಹತ್ತಿರದ ಶರಣಸಿರಸಗಿಯಿಂದ ಬಂದ ಹೆಂಗಸರು ಸೌತೆಕಾಯಿ, ಹಸಿ ಉಳ್ಳಾಗಡ್ಡಿ ಹರಡಿಕೊಂಡು ಕೂತಿರುತ್ತಿದ್ದರು. ಪಡುವಣ ಮೂಲೆಯಲ್ಲಿ ಆಯಿಯ ಒಲೆಗಳು. ಗಾಡಿ ಹೊಡೆಯುವವರು, ಯಾತ್ರೆಯವರು, ಹತ್ತಿ ದಲಾಲಿಗಳು, ಕಚೇರಿಯಲ್ಲಿ ತಮ್ಮ ಹೆಸರು ಕೂಗುವುದನ್ನೇ ಕಾಯುತ್ತ ದಿನ ಕಳೆಯುವ ರೈತರು ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಒಬ್ಬ ಪ್ರವಾಸಿ ಆಯಿಯ ತೊಗರಿಬೇಳೆಗೆ ಕೈ ಮುಗಿದು ಹೋದ ಜಾಗದಲ್ಲೇ ಇನ್ನೊಬ್ಬ ಬಂದು, ಕಾಯಿಸಿದರು, ಕೂರಲು ಜಾಗವಿಲ್ಲ, ನೀರು ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ ಎಂದು ರೇಗಿ ಎದ್ದು ಹೋಗುತ್ತಿದ್ದ. ಒಂದೇ ಮಧ್ಯಾಹ್ನ, ಒಂದೇ ಗಡಿಗೆಯ ಅನ್ನ.

ಜಾತಿಗೊಂದು ಸಾಲು. ಗಿರಣಿಯ ಹತ್ತಿ ಹೊರುವ ಕೂಲಿಯವರಿಗೆ ಒಳಗೆ ಸಾಲೇ ಇರಲಿಲ್ಲ, ಅವರು ಹೊರಗಿನ ಮೆಟ್ಟಿಲ ಮೇಲೆ ಕೂತು ಉಣ್ಣಬೇಕು. ಒಳಗೆ ಬರುವ ಮಾತನ್ನು ಆಗ ಯಾರೂ ಆಡುತ್ತಿರಲಿಲ್ಲ.

ನನ್ನ ಮೊದಲ ಊಟ ಚೆನ್ನಾಗಿ ನೆನಪಿದೆ. ಜೋಳದ ರೊಟ್ಟಿ, ಬದನೆಯ ಎಣಗಾಯಿ, ಬೇಳೆ. ಎಣಗಾಯಿಗೆ ಉಪ್ಪೇ ಇರಲಿಲ್ಲ. ಅಕ್ಕಪಕ್ಕ ನೋಡಿದೆ. ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಹೊಸಬನ ಒರಟುತನವೋ, ಹಸಿವಿನ ಸಿಟ್ಟೋ, ನಾನು ಗಟ್ಟಿಯಾಗಿಯೇ ಹೇಳಿಬಿಟ್ಟೆ: “ಇದಕ್ಕ ಉಪ್ಪು ಹಾಕೀರೇನು ಇಲ್ಲೇನು?”

ಸಾಲಿನವರೆಲ್ಲ ತಲೆ ಎತ್ತಿ ನೋಡಿದರು. ಆಯಿ ಒಲೆ ಬಿಟ್ಟು ಎದ್ದು ಬಂದಳು. ಬೈಯುತ್ತಾಳೆಂದುಕೊಂಡೆ. ಆಕೆ ನನ್ನ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಚಿಟಿಕೆ ಉಪ್ಪು ಉದುರಿಸಿ, “ಈಗ?” ಎಂದಳು.

“ಇನ್ನೂ ಸ್ವಲ್ಪ ಬೇಕು.”

ಮತ್ತೆ ಉದುರಿಸಿದಳು. “ಈಗ?”

“ಈಗ ಸರಿ ಆಯ್ತು ನೋಡ್ರಿ.”

ತನ್ನ ಬೆರಳುಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿಕೊಂಡಳು, ಅವೆಷ್ಟು ಹಿಡಿದಿದ್ದವೆಂದು ಅವಕ್ಕೇ ಕಲಿಸುವವಳಂತೆ. ಆಮೇಲೆ ಒಲೆಯ ಮೇಲಿನ ದೊಡ್ಡ ಪಾತ್ರೆಗೂ ಉಪ್ಪು ಹಾಕಿ ತಿರುವಿ, ಸಾಲಿನವರ ಕಡೆ ನೋಡಿ, “ಬಾಯಿ ಇಲ್ಲೇನು ನಿಮಗ? ಸುಮ್ ಸುಮ್ನ ಉಣ್ತೀರಲ್ಲ!” ಎಂದು ಗದರಿದಳು. ನನಗೆ ಮಾತ್ರ ಮೆತ್ತಗೆ, “ಯಾವೂರು ತಮ್ಮಾ?” ಎಂದು ಕೇಳಿದಳು. ಕಮಲಾಪುರ ಎಂದೆ. ಆಕೆಯ ಮುಖ ಅರಳಿತು. “ನಾಳಿಗೂ ಬಾ. ಹಿಂಗೇ ಖರೇ ಹೇಳು.”

ಆ ಕುತೂಹಲದಿಂದಲೇ ಮರುದಿನ ಹೋದೆ. ಆಕೆ ಉಂಡವರನ್ನೆಲ್ಲ “ಹೆಂಗಿತ್ತು?” ಎಂದು ಕೇಳುತ್ತಿದ್ದಳು. ಭೇಷ್ ಎಂದವರ ಮುಂದೆ ನಿಲ್ಲುತ್ತಿರಲಿಲ್ಲ. ಖಾರ ಹೆಚ್ಚಾಯಿತು, ಹುಳಿ ಹಿಡಿದಿಲ್ಲ ಎಂದವರ ಮುಂದೆ ಕೂತುಬಿಡುತ್ತಿದ್ದಳು. ಹೊಗಳಿಕೆಯ ಆಸೆಗೆ ಕೇಳುತ್ತಾಳೆಂದು ಕೆಲವರು ನಗುತ್ತಿದ್ದರು. ತಂದೂರಿನ ಚಾಚಾ ಒಬ್ಬನೇ ನಗುತ್ತಿರಲಿಲ್ಲ.

ಕೆಲವು ದಿನಗಳ ಮೇಲೆ, ಜನ ಕರಗಿದ ಒಂದು ಇಳಿಹೊತ್ತು, ಆಕೆಯೇ ಹೇಳಿದಳು. ದೊಡ್ಡ ಜ್ವರ ಬಂದ ವರ್ಷ ಕಮಲಾಪುರದ ಮನೆಯಲ್ಲಿ ಗಂಡ ಹೋದ, ಹಿಂದೆಯೇ ಮಗಳು ಹೋದಳು. ಆಯಿ ಉಳಿದಳು. ಎದ್ದು ಕೂತ ದಿನ ಯಾರೋ ಬಾಯಿಗೆ ಗಂಜಿ ಹಾಕಿದರು.

“ಬರೇ ಬಿಸಿ ನೀರು ಅನ್ನಿಸ್ತು. ಉಪ್ಪು ಹಾಕಿಲ್ಲ ಅಂತ ಅವರಿಗೆ ಬೈದೆ. ಹಾಕೀವಿ ಅಂದ್ರು. ಆಮ್ಯಾಲ ಉಪ್ಪಿನಕಾಯಿ ತಿಂದೆ, ಅದೂ ಹಂಗೇ. ಮಲ್ಲಿಗಿ ಹೂವು ಮೂಸಿದೆ, ಸೆಗಣಿ ಮೂಸಿದೆ. ಎರಡೂ ಒಂದೇ ತಮ್ಮಾ. ಅವತ್ತು ಹೋಗಿದ್ದು ತಿರುಗಿ ಬರಲಿಲ್ಲ.”

“ಮತ್ತ ಇಷ್ಟು ಮಂದಿಗೆ ಅಡಗಿ ಹೆಂಗ ಮಾಡ್ತೀರಿ?”

“ನೆನಪಿಲಿಂದ ಮಾಡ್ತೀನಿ. ಕಿವಿ ಅದ, ಕಣ್ಣು ಅದ, ಕೈ ಅದ. ಉಳಿದದ್ದು ನಿಮ್ಮ ಬಾಯಿಲಿಂದ ತಿಳಕೋತೀನಿ.” ಒಲೆಯ ಕೆಂಡ ಕೆದಕುತ್ತ ಸೇರಿಸಿದಳು: “ಯಾರಿಗೂ ಹೇಳಬ್ಯಾಡ. ನಾಲಿಗಿ ಸತ್ತಾಕಿ ಅಡಗಿ ಅಂದ್ರ ಯಾರು ಉಣ್ತಾರ?”

ಚಾಚಾನಿಗೆ ಮೊದಲೇ ಗೊತ್ತಿತ್ತು. ಒಮ್ಮೆ ಅನ್ನ ಸೀದು ಕರಕಲಾಗುತ್ತಿದ್ದರೂ ಆಯಿ ಪಕ್ಕದಲ್ಲೇ ಕೂತು ಹಾಡು ಗುನುಗುತ್ತಿದ್ದುದನ್ನು ನೋಡಿ ಆತನಿಗೆ ಅರ್ಥವಾಗಿತ್ತಂತೆ. ಅಂದಿನಿಂದ ಸೀದ ವಾಸನೆ ಬಂದರೆ ತನ್ನ ಮೂಲೆಯಿಂದಲೇ, “ಆಯೀ, ನಿಮ್ ಬ್ಯಾಳಿ ಜಲ್ ರಹೀ ಹೈ, ನೋಡ್ರಿ!” ಎಂದು ಕೂಗುತ್ತಿದ್ದ. ಜನ ಅದನ್ನು ಮುದುಕರಿಬ್ಬರ ಚೇಷ್ಟೆಯೆಂದೇ ತಿಳಿದಿದ್ದರು.

ಹೀಗೆ ನಾನು ಆಯಿಯ ನಾಲಿಗೆಯಾದೆ. ಬೆಳಿಗ್ಗೆ ಗೋದಾಮಿಗೆ ಹೋಗುವ ಮೊದಲು ಮುಸಾಫರಖಾನೆಗೆ ಹೋಗುವೆ. ಆಕೆ ಅಂಗೈಯಲ್ಲಿ ಒಂದೊಂದು ಹನಿ ಹಾಕುವಳು. ನನ್ನ ಹತ್ತಿರ ಇದ್ದದ್ದು ನಾಲ್ಕೇ ಶಬ್ದ: ಉಪ್ಪು, ಹುಳಿ, ಖಾರ, ಸಿಹಿ. ಅವು ಆಕೆಗೆ ಸಾಲುತ್ತಿರಲಿಲ್ಲ.

“ಪುಂಡಿಪಲ್ಯ ಹೆಂಗದ?”

“ಹುಳಿ ಅದ.”

“ಹುಳಿ ಅದ ಅಂತ ನಂಗೂ ಗೊತ್ತದ. ಯಾವ ಹುಳಿ? ಹಲ್ಲು ಜುಮ್ ಅನ್ನೋದಾ? ಗಂಟಲ ತನಕ ಹೋಗಿ ಹೊಳ್ಳಿ ಬರೋದಾ?”

ನಾನು ಕಣ್ಣು ಮುಚ್ಚಿ ಹುಡುಕುತ್ತಿದ್ದೆ. “ಮೊದ್ಲು ಏನೂ ಇಲ್ಲ. ನುಂಗಿದ ಮ್ಯಾಲ, ಯಾರೋ ಹಿಂದಿಂದ ಕರದಂಗ ಆಗ್ತದ.”

ಆಯಿ ಅದನ್ನು ತನ್ನೊಳಗೆ ಇಳಿಸಿಕೊಳ್ಳುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ, “ಹಾಂ. ನಮ್ಮವ್ವ ಹಂಗೇ ಮಾಡ್ತಿದ್ಲು” ಎನ್ನುವಳು. ಕೆಲವೊಮ್ಮೆ ನನ್ನ ಮಾತು ಕೇಳುತ್ತ ಕೇಳುತ್ತ ಆಕೆಯ ತುಟಿ ಒದ್ದೆಯಾಗುತ್ತಿತ್ತು, ಉಗುಳು ನುಂಗುತ್ತಿದ್ದಳು. ಆ ಬೆಳಗುಗಳು ಈಗ ನನಗೆ ನಿಜವಾಗಿ ನಡೆದದ್ದೋ, ಅರೆನಿದ್ದೆಯಲ್ಲಿ ಕಂಡದ್ದೋ ಎನ್ನಿಸುತ್ತವೆ. ಜನರಿಲ್ಲದ ಕಮಾನುಗಳು, ಆಗಷ್ಟೇ ಹೊತ್ತಿದ ಒಲೆಯ ನೀಲಿ ಹೊಗೆ, ಮೇಲೆ ರೆಕ್ಕೆ ಬಿಚ್ಚಿ ಮಡಿಚುವ ಪಾರಿವಾಳಗಳು, ನಡುವೆ ನಾವಿಬ್ಬರು ಒಂದು ಚಮಚೆ ಬೇಳೆಯ ಬಗ್ಗೆ ಸ್ವಂತ ಮಕ್ಕಳ ಗುಣ ಮಾತಾಡುವವರ ಹಾಗೆ ಮಾತಾಡುತ್ತ ಕೂತಿರುತ್ತಿದ್ದೆವು.

ಸುಳ್ಳು ಹೇಳಿದರೆ ಆಕೆಗೆ ತಿಳಿಯುತ್ತಿತ್ತು. ಒಮ್ಮೆ ಆಕೆಗೆ ಮೈ ಸರಿಯಿರಲಿಲ್ಲ. ಸಾರು ಕೆಟ್ಟಿದ್ದರೂ ನೋಯಿಸಬಾರದೆಂದು ಚೆನ್ನಾಗಿದೆ ಎಂದೆ. “ನಿನ್ನ ಹುಬ್ಬು ಬ್ಯಾರೆ ಹೇಳ್ತದ” ಎಂದು ಆಯಿ ನಕ್ಕಳು. ಪಾತ್ರೆಯನ್ನೇ ಎತ್ತಿ ಹೊರಗೆ ಚೆಲ್ಲಿ ಮತ್ತೆ ಮಾಡಿದಳು. “ನಂಗ ಪ್ರೀತಿ ಮಾಡೋರು ಭಾಳ ಮಂದಿ ಅದಾರ. ಖರೇ ಹೇಳೋರು ಬೇಕಾಗ್ಯಾರ” ಎಂದದ್ದು ಆವತ್ತೇ.

ನನ್ನ ಹಾಗೆ ಖರೇ ಹೇಳುತ್ತಿದ್ದ ಇನ್ನೊಬ್ಬಳಿದ್ದಳು. ಗಿರಣಿಯಲ್ಲಿ ಹತ್ತಿ ಹೊರುವ ಹೆಂಗಸು. ಹೊರಗಿನ ಮೆಟ್ಟಿಲ ಮೇಲೆ, ತಲೆಗೂದಲಲ್ಲಿ ಹತ್ತಿಯ ನಾರು ಸಿಕ್ಕಿಸಿಕೊಂಡೇ ಉಣ್ಣುತ್ತಿದ್ದಳು. ಅವಳ ಧ್ವನಿ ಕಂಬಗಳನ್ನು ದಾಟಿ ಒಳಗೆ ಬರುತ್ತಿತ್ತು: “ಆಯೀ, ಇವತ್ತು ಬ್ಯಾಳಿಗೆ ಬೆಳ್ಳೊಳ್ಳಿ ಮರ್ತೀ!” ಆಯಿ ಬಾಗಿಲಿಗೆ ಹೋಗಿ ಅವಳೊಂದಿಗೆ ಜಗಳವಾಡಿ, ಬಂದು ಬೆಳ್ಳುಳ್ಳಿ ಜಜ್ಜುತ್ತಿದ್ದಳು.

ಒಂದು ಸಲ ಆಯಿಯನ್ನು ಕಮಲಾಪುರಕ್ಕೆ ಕರೆದುಕೊಂಡು ಹೋದೆ. ಜ್ವರದ ವರ್ಷದ ಮೇಲೆ ಆಕೆ ಊರಿಗೆ ಕಾಲಿಟ್ಟಿರಲಿಲ್ಲ. ನಮ್ಮ ಊರಿನ ಕೆಂಪು ಬಾಳೆಹಣ್ಣನ್ನು ಎಲ್ಲರೂ ಬಲ್ಲರು. ಗೊನೆಗಳನ್ನು ಮುಚ್ಚಿದ ಕೋಣೆಯಲ್ಲಿ ತೂಗುಹಾಕಿ, ಹೊಗೆ ಕೊಟ್ಟು ಹಣ್ಣು ಮಾಡುತ್ತಾರೆ. ಬಾಗಿಲು ತೆರೆದರೆ ಆ ವಾಸನೆ ಎದೆಗೆ ಬಂದು ಒರಗುತ್ತದೆ, ತಲೆ ತಿರುಗಿದಂತಾಗುತ್ತದೆ. ಗಾಡಿಯಿಂದ ಇಳಿದ ಆಯಿ ತನ್ನ ಹಳೆಯ ಮನೆಯ ಕಡೆ ತಿರುಗದೆ ನಮ್ಮ ಮನೆಯ ಹಣ್ಣಿನ ಕೋಣೆಯ ಮುಂದೆ ಬಂದು ನಿಂತಳು.

“ನನ್ನ ಒಳಗ ಬಿಟ್ಟು ಬಾಗಿಲಾ ಮುಂದ ಮಾಡು” ಎಂದಳು.

ಬಾಗಿಲು ಮುಚ್ಚಿ ನಾನು ಹೊರಗೆ ಕೂತೆ. ಮಧ್ಯಾಹ್ನ ಸರಿಯಿತು. ತೋಟದ ಕಾಲುವೆಯಲ್ಲಿ ನೀರು ಬಿಟ್ಟಿದ್ದರು, ಕೆಂಪು ಮಣ್ಣು ಅದನ್ನು ಕುಡಿಯುವ ಸದ್ದು ಕೇಳುತ್ತಿತ್ತು. ಬಾಳೆಯ ಎಲೆಗಳು ಒಂದನ್ನೊಂದು ಸವರುತ್ತಿದ್ದವು. ನಮ್ಮ ತಾಯಿ ಒಂದೆರಡು ಸಲ ಬಂದು, “ಒಳಗ ಉಸಿರು ಕಟ್ಟೀತು, ತಗಿಯಪಾ” ಎಂದಳು. ನನಗೆ ಕೈ ಬರಲಿಲ್ಲ. ಕೊನೆಗೆ ಆಯಿಯೇ ಒಳಗಿಂದ ಬಡಿದಳು. ಮುಖವೆಲ್ಲ ಬೆವರು, ಬಿಳಿ ಕೂದಲು ಹಣೆಗೆ ಅಂಟಿತ್ತು.

“ಏನೂ ಬರಲಿಲ್ಲ” ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಕ್ಕಳು. “ಆದ್ರ ಬೆಚ್ಚಗಿತ್ತು. ಕತ್ತಲದಾಗ ಒಬ್ಬಾಕೀನೇ ಕುಂತೀನಿ ಅಂತ ಅನ್ನಿಸಲಿಲ್ಲ.”

ಆ ಸಂಜೆ ತನ್ನ ಹಳೆಯ ಮನೆಗೂ ಹೋಗಿ ಬಂದಳು. ಒಬ್ಬಳೇ ಹೋದಳು. ತಿರುಗಿ ಬರುವಾಗ ಗಾಡಿಯಲ್ಲಿ ದಾರಿಯುದ್ದಕ್ಕೂ ನನ್ನಿಂದ ಹಣ್ಣಿನ ಕೋಣೆಯ ವಾಸನೆ ಹೇಳಿಸಿದಳು. ಒಮ್ಮೆ ಹೇಳಿದರೆ ಸಾಲದು, ಬೇರೆ ಬೇರೆ ಮಾತಿನಲ್ಲಿ ಹೇಳಬೇಕು. ಹೇಳುತ್ತ ಹೇಳುತ್ತ ನನಗೇ ಮೊದಲ ಸಲ ನಮ್ಮ ಮನೆಯ ವಾಸನೆ ತಿಳಿಯಿತು. ಅಷ್ಟು ವರ್ಷ ಅದರೊಳಗೇ ಬೆಳೆದಿದ್ದೆ.

ಇದಾದ ಮುಂದಿನ ಬೇಸಿಗೆಯಲ್ಲಿ ಮುಸಾಫರಖಾನೆಗೆ ಕುತ್ತು ಬಂತು. ಒಬ್ಬ ಹತ್ತಿ ಸಾಹುಕಾರನಿಗೆ ಆ ಕಟ್ಟಡದ ಮೇಲೆ ಕಣ್ಣು ಬಿದ್ದಿತ್ತು. ಸ್ಟೇಷನ್ನಿಗೆ ಹತ್ತಿರ, ಗಟ್ಟಿ ಗೋಡೆ, ಹತ್ತಿಯ ಮೂಟೆ, ಅಂಡಿಗೆ ಜೋಡಿಸಲು ಹೇಳಿ ಮಾಡಿಸಿದ ಜಾಗ. ಅಲ್ಲಿ ಹೊಗೆ, ಹೊಲಸು, ಗದ್ದಲ, ಮರ್ಯಾದಸ್ಥರು ಕಾಲಿಡುವಂತಿಲ್ಲ ಎಂದು ಆತ ಮೇಲಿನವರ ಕಿವಿ ಊದಿದ್ದ. ಹೇಳಿದ್ದೆಲ್ಲ ಸುಳ್ಳೆನ್ನುವಂತೆಯೂ ಇರಲಿಲ್ಲ, ಅಲ್ಲಿ ಉಂಡು ಬೈದು ಹೋದವರು ಬೇಕಾದಷ್ಟು ಜನ ಇದ್ದರು. ಕಟ್ಟಡವನ್ನು ಗೋದಾಮು ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಲು ಹೈದರಾಬಾದಿನಿಂದ ಒಬ್ಬ ಸಾಹೇಬರು ಬರುವವರಿದ್ದರು. ಬಂದವರು ಅಲ್ಲೇ ಊಟ ಮಾಡಿ ನೋಡುತ್ತಾರಂತೆ ಎಂದು ಸುದ್ದಿ.

ಆ ದಿನವೇ ನನಗೆ ನೆಗಡಿ ಹಿಡಿದಿತ್ತು. ಮೂಗು ಕಟ್ಟಿ, ನಾಲಿಗೆ ಮರಗಟ್ಟಿ ಹೋಗಿತ್ತು. ಬೆಳಿಗ್ಗೆ ಆಯಿ ಅಂಗೈಗೆ ಬೇಳೆ ಹಾಕಿದಳು. ನೆಕ್ಕಿದೆ. ಬಿಸಿ ನೀರು. ಆ ಕ್ಷಣ ಆಕೆ ಇಷ್ಟು ವರ್ಷ ಬದುಕಿದ್ದು ಎಲ್ಲಿ ಎಂದು ನನಗೆ ಗೊತ್ತಾಯಿತು, ಹೆದರಿಕೆಯಾಯಿತು.

“ಏನೂ ಹತ್ತಂಗಿಲ್ಲ ಆಯಿ” ಎಂದೆ.

ಆಕೆ ಗಾಬರಿಯಾಗಲಿಲ್ಲ. ಚಾಚಾನ ಕಡೆ ನೋಡಿದಳು. ಆತ ಎರಡೂ ಕೈ ಎತ್ತಿದ. “ತೋಬಾ ಆಯಿ! ನಾ ಯಾವತ್ತ ನಿಮ್ ಬ್ಯಾಳಿ ಉಂಡೀನಿ? ದಿನಾ ಉಂಡೋರಿಗೆ ಕೇಳ್ರಿ. ಅವರಿಗೆ ಗೊತ್ತು ಅದು ಹೆಂಗಿರಬೇಕು ಅಂತ.”

ಊಟದ ಹೊತ್ತಾಗುತ್ತ ಬಂದಾಗ, ದಿನಾ ಉಂಡು ಖರೇ ಹೇಳುವವಳು ಹೊರಗೆ ಮೆಟ್ಟಿಲ ಮೇಲೆ ಬಂದು ಕೂತಳು. ಆಯಿ ಸೌಟು ಹಿಡಿದು ಹೋದಳು. ಅಲ್ಲೇ ಬಡಿಸಿ ಕೇಳಿ ಬರುತ್ತಾಳೆಂದುಕೊಂಡೆ. ಆದರೆ ಬೇಳೆ, ಪಲ್ಯ, ಎಣಗಾಯಿ ಎಲ್ಲವನ್ನೂ ತಿದ್ದಬೇಕಿತ್ತು, ಪಾತ್ರೆಗಳು ಕೊತಕೊತ ಕುದಿಯುತ್ತಿದ್ದವು. ಆಯಿ ಅವಳ ರೆಟ್ಟೆ ಹಿಡಿದು ಒಳಗೆ ಕರೆತಂದಳು.

ಅವಳು ಹೊಸ್ತಿಲಲ್ಲಿ ಕಾಲೂರಿ ನಿಂತಳು. “ಬ್ಯಾಡ ಆಯಿ. ನಿಂದು ಹಾಳಾಗ್ತದ.”

“ಸಾರು ಕೆಟ್ರ ಇನ್ನೂ ಹಾಳಾಗ್ತದ. ಬಾ.”

ಕಮಾನುಗಳ ಕೆಳಗೆ ಅವಳು ನಡೆದುಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಬಿಸಿಲಿನ ಕೋಲನ್ನು ದಾಟುವಾಗ ಕೂದಲಲ್ಲಿನ ಹತ್ತಿಯ ನಾರುಗಳು ಮಿಂಚಿದವು. ಒಲೆಯ ಮುಂದೆ ಕೂತು, ಅಂಗೈಯೊಡ್ಡಿ, ಒಂದೊಂದನ್ನೇ ನೆಕ್ಕಿ ಹೇಳಿದಳು: ಇದಕ್ಕೆ ಬೆಲ್ಲ ಸ್ವಲ್ಪ, ಇದಕ್ಕೆ ಏನೂ ಬೇಡ, ಇದಕ್ಕೆ ಹುಣಸೆ ಜಾಸ್ತಿ ಆಯಿತು, ಬೇಳೆ ಹಾಕಿ ಕುದಿಸು. ಮೊದಮೊದಲು ತಗ್ಗಿದ ದನಿಯಲ್ಲಿ ಹೇಳಿದಳು, ಮೂರನೆಯ ಪಾತ್ರೆಗೆ ಬರುವಷ್ಟರಲ್ಲಿ ಎಂದಿನ ಹಾಗೆ ಜಗಳವಾಡತೊಡಗಿದಳು. ಆಗಲೇ ಬಂದು ಕೂತಿದ್ದ ಸಾಲುಗಳು ಇದನ್ನೆಲ್ಲ ನೋಡುತ್ತಿದ್ದವು.

ಸಾಹೇಬರು ಶೇರವಾನಿ ತೊಟ್ಟು, ಹಿಂದೆ ಸಾಹುಕಾರನೊಂದಿಗೆ ಬಂದರು. ಅವರಿಗೆ ಒಂದು ಚಾಪೆ ಹಾಸಲಾಯಿತು. ಅವರಿನ್ನೂ ಕೈ ತೊಳೆಯುವಷ್ಟರಲ್ಲಿ ಯಾರೋ ಸಾಹುಕಾರನ ಕಿವಿಯಲ್ಲಿ ಉಸುರಿದರು. ಸಾಹುಕಾರ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ, “ಹುಜೂರ್, ಇಲ್ಲಿ ಏನು ನಡದದ ಕೇಳ್ರಿ. ಮೆಟ್ಟಿಲ ಮ್ಯಾಲಿನಾಕಿ ಎಂಜಲು ಮಾಡಿದ ಅಡಗಿ ನಮಗೆಲ್ಲಾ ಬಡಸಾಕತ್ತಾರ!” ಎಂದ.

ಹತ್ತಿ ಹೊರುವ ಹೆಂಗಸು ಏಳಲು ಹೋದಳು. ಆಯಿ ಅವಳ ಭುಜದ ಮೇಲೆ ಕೈಯಿಟ್ಟಳು. ಆ ಕೈ ಹಾಗೇ ಇಟ್ಟುಕೊಂಡು, ಸಾಲುಗಳ ಕಡೆ ತಿರುಗಿ ಮಾತಾಡಿದಳು. ದೊಡ್ಡ ಧ್ವನಿಯಲ್ಲೇನೂ ಅಲ್ಲ.

“ನಾ ಹೇಳ್ತೀನಿ ಕೇಳ್ರಿ. ಜ್ವರ ಬಂದ ವರ್ಷ ನನ್ನ ನಾಲಿಗಿ ಸತ್ತದ. ಮೂಗೂ ಸತ್ತದ. ಅವತ್ತಿಂದ ನಾ ಹಾಕಿದ ಉಪ್ಪು ನಂಗ ಗೊತ್ತಾಗಿಲ್ಲ. ನೀವು ಉಂಡದ್ದೆಲ್ಲಾ ಇಂಥಾ ಮಂದಿ ನಾಲಿಗಿಲಿಂದ ಮಾಡಿದ್ದು. ಅಂಗೈ ಮ್ಯಾಲ ಹಾಕೀನಿ, ಸೌಟು ಆಕಿ ಬಾಯಿಗೆ ಹತ್ತಿಲ್ಲ. ಇವತ್ತು ಈಕಿ ಹೇಳ್ಯಾಳ, ನಾ ಮಾಡೀನಿ. ಬ್ಯಾಡ ಅನ್ನೋರು ಏಳ್ರಿ, ನಂಗ ಸಿಟ್ಟಿಲ್ಲ.”

ಜನ ಎದ್ದರು. ಮೊದಲು ಎದ್ದವರು ಆಯಿಯ ಸ್ವಂತ ಕುಲದವರು, ಹಬ್ಬ ಹುಣ್ಣಿಮೆಗೆ ಆಕೆಯನ್ನು ಮನೆಗೆ ಕರೆಯುತ್ತಿದ್ದವರು. ಧೋತರದ ಚುಂಗು ಎತ್ತಿಕೊಂಡು, ಆಕೆಯ ಮುಖ ನೋಡದೆ ಹೋದರು. ಇನ್ನೊಂದು ಸಾಲು ಅರ್ಧ ಎದ್ದು, ಅರ್ಧ ಕೂತಿತು. ಕಚೇರಿಗೆ ಬಂದಿದ್ದ ನಂದೂರಿನ ರೈತನೊಬ್ಬ ಅತ್ತಿತ್ತ ನೋಡಿ, “ಹೊಟ್ಟಿ ಹಸದದ ಆಯಿ, ಹಾಕು” ಎಂದು ತಟ್ಟೆ ಮುಂದೆ ಸರಿಸಿದ.

ಸಾಹೇಬರಿಗೆ ಕನ್ನಡ ಅಷ್ಟಕ್ಕಷ್ಟೇ. ಏನಾಯಿತೆಂದು ಚಾಚಾನನ್ನು ಕೇಳಿದರು. ಚಾಚಾ ಎಲ್ಲವನ್ನೂ ಉರ್ದುವಿನಲ್ಲಿ ಹೇಳಿದ. ಸಾಹೇಬರು ಆಯಿಯನ್ನು ಬಹಳ ಹೊತ್ತು ನೋಡಿದರು. ರೊಟ್ಟಿ ಮುರಿದರು. ಉಂಡರು. ಇನ್ನೊಂದು ರೊಟ್ಟಿಗೆ ಬೆರಳು ಸನ್ನೆ ಮಾಡಿದರು. ಆಯಿ ಎಂದಿನಂತೆ ಮುಂದೆ ಹೋಗಿ ಕೂತು, “ಹೆಂಗಿತ್ತು?” ಎಂದು ಕೇಳಿಯೇಬಿಟ್ಟಳು. ಸಾಹುಕಾರ ಹಲ್ಲು ಕಚ್ಚಿದ.

ಸಾಹೇಬರು ಕಣ್ಣು ಒರೆಸಿಕೊಂಡು ಕೆಮ್ಮಿದರು. “ದಾಲ್ ಅಚ್ಛೀ ಹೈ. ಬೈಂಗನ್ ಮೇಂ ಮಿರ್ಚಿ ಜ್ಯಾದಾ. ಔರ್ ಧುವಾಂ! ಇತನಾ ಧುವಾಂ ಕ್ಯೂಂ?”

ಬೇಳೆ ಚೆನ್ನಾಗಿದೆ, ಬದನೆಗೆ ಖಾರ ಹೆಚ್ಚು, ಆದರೆ ಇಷ್ಟೊಂದು ಹೊಗೆ ಏಕೆ ಎಂದು ಚಾಚಾ ಕನ್ನಡ ಮಾಡಿ ಹೇಳಿದ. “ಹೊಗಿ ಹೋಗಾಕ ದಾರಿ ಎಲ್ಲದ ಸಾಹೇಬ್ರ, ಆ ಒಂದು ಕಿಂಡಿ ಬಿಟ್ರ?” ಎಂದಳು ಆಯಿ. ಸಾಹೇಬರು ಮೇಲೆ ನೋಡಿದರು. ಎರಡೂ ಮೂಲೆಗೆ ಹೊಗೆಗೂಡು ಕಟ್ಟಿಸಬೇಕೆಂದು ಜೊತೆಯವನಿಗೆ ಹೇಳಿ ಕೈ ತೊಳೆದರು. ಹೊಗೆಗೂಡು ಕಟ್ಟಿಸುವ ಜಾಗವನ್ನು ಯಾರೂ ಗೋದಾಮು ಮಾಡುವುದಿಲ್ಲವೆಂದು ಸಾಹುಕಾರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಮುಸಾಫರಖಾನೆ ಉಳಿಯಿತು. ಆಯಿ ಬೆಲೆ ತೆತ್ತಳು. ಆಕೆಯ ಕುಲದವರ ಸಾಲು ತಿಂಗಳುಗಟ್ಟಲೆ ಖಾಲಿ ಬಿದ್ದಿತ್ತು. ಎದುರಿಗೆ ಸಿಕ್ಕರೆ ಅವರು ದಾರಿ ಬದಲಿಸುತ್ತಿದ್ದರು. ನಾಲಿಗೆಯಿಲ್ಲದವಳ ಅಡುಗೆಯೆಂದು ಕೆಲವರು ಬಿಟ್ಟರು, ಅದೇ ಸೋಜಿಗ ನೋಡಲು ಕೆಲವರು ಬಂದರು. ಆಯಿ ಆ ಖಾಲಿ ಸಾಲನ್ನು ದಿನವೂ ಗುಡಿಸಿ, ನೀರು ಚಿಮುಕಿಸಿ ಇಡುತ್ತಿದ್ದಳು. ಹತ್ತಿ ಹೊರುವ ಹೆಂಗಸನ್ನು ಅಲ್ಲಿ ಕೂರಲು ಕರೆದಳು. ಅವಳು ಒಪ್ಪಲಿಲ್ಲ. “ನಂಗ ಮೆಟ್ಟಿಲೇ ಛಲೋ, ಗಾಳಿ ಬರ್ತದ” ಎಂದಳು. ಒಮ್ಮೆ ಜೋರು ಮಳೆ ಹೊಡೆದಾಗ ಮಾತ್ರ, ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡಿ ಬಂದು ಕೂತಳು. ಯಾರೂ ಏನೂ ಅನ್ನಲಿಲ್ಲ. ಮಳೆ ನಿಂತ ಮೇಲೂ ಅವಳು ಊಟ ಮುಗಿಸಿಯೇ ಎದ್ದಳು.

ನನಗೆ ಮದುವೆಯಾಯಿತು, ಮನೆಯಲ್ಲಿ ಒಲೆ ಹೊತ್ತಿತು. ಆದರೂ ಬೆಳಗಿನ ಅಂಗೈಯ ಹನಿ ತಪ್ಪಿಸಲಿಲ್ಲ. ಆಯಿಗೆ ಕೈ ನಡುಗತೊಡಗಿದಾಗ ಆಕೆಯೇ ಹೇಳಿದಳು: “ಇನ್ನ ಊರಿಗೆ ಹೋಗ್ತೀನಿ.” ಒಲೆಯನ್ನು ಹತ್ತಿರದ ಒಬ್ಬ ವಿಧವೆಗೆ ಒಪ್ಪಿಸಿ, ಕಮಲಾಪುರದ ತನ್ನ ಮನೆಯ ಬೀಗ ತೆಗೆಸಿದಳು. ಊರಿಗೆ ಹೋದಾಗಲೆಲ್ಲ ನೋಡಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ಜಗುಲಿಯ ಮೇಲೆ ಮಲಗಿದ್ದಳು. ಏನೋ ತಿನ್ನಿಸಿ ಅಭ್ಯಾಸದಂತೆ ಅದರ ರುಚಿ ಹೇಳಲು ಬಾಯಿ ತೆರೆದೆ.

“ಸಾಕು” ಎಂದಳು. “ಇವತ್ತೇನೂ ಹೇಳಬ್ಯಾಡ. ಸುಮ್ನ ಕುಂದ್ರು.”

ಕೂತೆ. ಸಂಜೆ ಇಳಿಯಿತು. ದನಗಳು ಮನೆಗೆ ಬಂದವು, ಅವುಗಳ ಧೂಳು ಬೀದಿಯಲ್ಲಿ ಬಂಗಾರದ ಬಣ್ಣಕ್ಕೆ ನಿಂತು ಮೆಲ್ಲಗೆ ಕೆಳಗೆ ಕೂತಿತು. ಆಯಿ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಬಾಯಿ ಆಡಿಸುತ್ತಿದ್ದಳು. ಆಗ ಆಕೆ ಯಾವುದರ ರುಚಿ ನೋಡುತ್ತಿದ್ದಳೋ ನನಗೆ ತಿಳಿಯದು. ಮುಖ ಮಾತ್ರ ಉಂಡವರ ಮುಖದ ಹಾಗಿತ್ತು.

ಆಕೆ ಹೋದ ಸುದ್ದಿಯನ್ನು ಬಾಳೆಹಣ್ಣು ತಂದ ಗಾಡಿಯವನು ಗೋದಾಮಿಗೆ ತಂದ. ಮಣ್ಣೂ ಆಗಿಹೋಗಿತ್ತು. ನಾನು ಮನೆಗೆ ಹೋಗದೆ ಮುಸಾಫರಖಾನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ಊಟದ ಹೊತ್ತು, ಜನ ತುಂಬಿದ್ದರು. ಅಳುವರೆಂದುಕೊಂಡರೆ ಅಲ್ಲಿ ಜಗಳ ನಡೆದಿತ್ತು.

“ಏನೇ ಅನ್ರಿ, ಆಕಿ ಪಲ್ಯಕ್ಕ ಉಪ್ಪು ಯಾವತ್ತೂ ಕಡಿಮಿ” ಎಂದ ಒಬ್ಬ ಗಾಡಿಯವನು.

“ಕಡಿಮಿ? ನಂಗ ಒಂದ್ಸಲ ಬಾಯಿ ಸುಟ್ಟು ಹೋಗಿತ್ತು!”

“ಬ್ಯಾಳಿ ಮಾತ್ರ ಯಾರ ಕೈಲಿಂದ್ಲೂ ಆಗಂಗಿಲ್ಲ ಬಿಡು.”

“ಆ ಬ್ಯಾಳಿಗೆ ಬೆಳ್ಳೊಳ್ಳಿ ಹಾಕಾಕ ಹಚ್ಚಿದ್ದು ನಾನು” ಎಂದು ಬಾಗಿಲ ಕಡೆಯಿಂದ ಹತ್ತಿ ಹೊರುವ ಹೆಂಗಸಿನ ಧ್ವನಿ ಬಂತು. “ದಿನಾ ಮರೀತಿದ್ಲು. ದಿನಾ.”

ಅಂದು ಎದ್ದು ಹೋಗಿದ್ದ ಕುಲದವರಲ್ಲಿ ಒಬ್ಬ ಮುದುಕ ಕೂಡ ಬಂದು ಕಂಬಕ್ಕೆ ಒರಗಿ ನಿಂತಿದ್ದ. ರೊಟ್ಟಿ ಸ್ವಲ್ಪ ದಪ್ಪ ಮಾಡುತ್ತಿದ್ದಳು ಎಂದು ಆತ ಮೆತ್ತಗೆ ದೂರಿದ, ರುಮಾಲಿನ ತುದಿಯಿಂದ ಮುಖ ಮುಚ್ಚಿಕೊಂಡ. ಯಾರೂ ಯಾರಿಗೂ ಒಪ್ಪುತ್ತಿರಲಿಲ್ಲ. ಭೇಷ್ ಎಂದು ಒ‌ಬ್ಬರೂ ಹೇಳಲಿಲ್ಲ. ಯಾವುದೋ ಊರಿಂದ ಅಂದೇ ಬಂದಿದ್ದ ಯಾತ್ರಿಕನೊಬ್ಬ, “ಯಾರ ಬಗ್ಗೆ ಇಷ್ಟು ಜಗಳ?” ಎಂದು ಕೇಳಿದಾಗ ಜಗಳ ನಿಂತಿತು. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು.

“ನೀವು ದಿನಾ ರುಚಿ ನೋಡಿದವರು” ಎಂದ ಗಾಡಿಯವನು. “ನೀವೇ ಹೇಳ್ರಿ. ಹೆಂಗಿತ್ತು?”

ನಾಲ್ಕೇ ಶಬ್ದ ಇಟ್ಟುಕೊಂಡು ಕಲಬುರಗಿಗೆ ಬಂದವನಿಗೆ ಆಕೆ ನೂರಾರು ಕೊಟ್ಟಿದ್ದಳು. ಮುಂದೆ ನಾನು ಬರೆದದ್ದು, ಮಕ್ಕಳಿಗೆ ಹೇಳಿದ್ದು, ಒಂದು ವಸ್ತುವನ್ನು ಇದ್ದ ಹಾಗೆ ಕಂಡದ್ದು, ಎಲ್ಲ ಆ ಒಲೆಯ ಮುಂದೆ ಕಲಿತದ್ದೇ. ಆದರೆ ಆ ಮಧ್ಯಾಹ್ನ ಅಷ್ಟು ಜನರ ನಡುವೆ ನಿಂತು ಹುಡುಕಿದರೆ ಒಂದು ಶಬ್ದವೂ ಕೈಗೆ ಸಿಗಲಿಲ್ಲ.

“ನಂಗ ಹಸಿವಾಗ್ಯಾದ” ಎಂದೆ.

ಸಾಲಿನವರು ಒತ್ತಿ ಕೂತು ನನಗೆ ಜಾಗ ಮಾಡಿಕೊಟ್ಟರು.